ಬಳಸಿದ ಕಿಟ್ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಏನೇನು ನೋಡಬೇಕು?

ಪ್ರಶ್ನೆ: ಲೆಸ್ಟರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಒಂಬತ್ತು ವರ್ಷವಾಯಿತು. ಬೇಸಿಗೆಯ ಭಾನುವಾರಗಳಲ್ಲಿ ನಮ್ಮ ಬೀದಿಯಲ್ಲಿ ಹಾದುಹೋಗುವ, ಮುಂದಿನ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ, ಲೋಟಸ್ ಸೆವೆನ್ ಮಾದರಿಯ ಪುಟ್ಟ ಕಾರುಗಳನ್ನು ಕಂಡಾಗಲೆಲ್ಲ ಅಂಥದೊಂದನ್ನು ಓಡಿಸಬೇಕೆಂಬ ಆಸೆ ಬಲಿಯುತ್ತ ಬಂದಿದೆ. ಅಂಥ ಕಾರುಗಳನ್ನೇ ತಯಾರಿಸುವ ಕೇಟರ್‌ಹ್ಯಾಮ್ ಕಂಪನಿಯ ಹೊಸ ಕಾರು ಕೊಳ್ಳುವಷ್ಟು ಹಣ ನನ್ನಲ್ಲಿಲ್ಲ. ಬಿಡಿಭಾಗಗಳಾಗಿ ಬರುವ ಕಿಟ್ ತರಿಸಿಕೊಂಡು ಸ್ವತಃ ಜೋಡಿಸಲು ಜಾಗವೂ ಇಲ್ಲ, ಬಿಡುವೂ ಇಲ್ಲ. ಆದ್ದರಿಂದ ಬೇರೆಯವರು ಜೋಡಿಸಿ ಕೆಲವು ವರ್ಷ ಓಡಿಸಿದ ಕಾರನ್ನು 6,000 ಪೌಂಡಿನೊಳಗೆ ಕೊಳ್ಳಬೇಕೆಂದಿದ್ದೇನೆ.

ಹಳೆಯ ಫೋರ್ಡ್ ಸಿಯೆರಾದ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂಬದಿಯ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಬಳಸಿ ಕಟ್ಟಿದ ಒಂದು ಕಾರು ಕಣ್ಣಿಗೆ ಬಿದ್ದಿದೆ. ಬಣ್ಣ ಹೊಳೆಯುತ್ತಿದೆ, ಮೀಟರಿನಲ್ಲಿ 7,000 ಮೈಲಿ ಮಾತ್ರ ಇದೆ. ಕಾರ್ಖಾನೆಯಿಂದ ಬಂದ ಕಾರಾದರೆ ಎಲ್ಲಿ ಏನು ಕೆಡುತ್ತದೆಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾರದೋ ಮನೆಯ ಗ್ಯಾರೇಜಿನಲ್ಲಿ ತಯಾರಾದ ಕಾರನ್ನು ಪರೀಕ್ಷಿಸುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಡರ್ಬಿಯಿಂದ

ಇನ್ನೂ ಮುಂಗಡ ಕೊಟ್ಟಿಲ್ಲವೆಂದು ಭಾವಿಸಿ ಬರೆಯುತ್ತಿದ್ದೇನೆ. ನಾನು ಇಂಥ ಎರಡು ಕಾರುಗಳನ್ನು ಇಟ್ಟುಕೊಂಡವನು. ಮೊದಲು ಕಾರನ್ನಲ್ಲ, ಅದರ ಕಾಗದಪತ್ರಗಳನ್ನು ನೋಡಿ ಎಂಬುದೇ ನನ್ನ ಸಲಹೆ. ಸವೆದ ಬೇರಿಂಗನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ತಪ್ಪಾಗಿ ನೋಂದಣಿಯಾದ ಕಾರನ್ನು ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ, ಕೆಲವೊಮ್ಮೆ ಸರಿಪಡಿಸಲಾಗುವುದೂ ಇಲ್ಲ.

ನಮ್ಮೂರಿನ ಆರ್‌ಸಿ ಪುಸ್ತಕದಂತೆ ಇಲ್ಲಿರುವುದು ವಿ5ಸಿ. ಅದರಲ್ಲಿ ತಯಾರಕರ ಹೆಸರಿನ ಜಾಗದಲ್ಲಿ ಕಿಟ್‌ನ ಹೆಸರು ಇರಬೇಕು. ಅಲ್ಲಿ ಇನ್ನೂ ‘ಫೋರ್ಡ್ ಸಿಯೆರಾ’ ಎಂದೇ ಇದ್ದು, ಕಾರಿನ ಆಕಾರದ ಜಾಗದಲ್ಲಿ ಸಲೂನ್ ಅಥವಾ ಹ್ಯಾಚ್‌ಬ್ಯಾಕ್ ಎಂದಿದ್ದರೆ, ಆ ಸಿಯೆರಾ ಕಳಚಿಹೋಗಿ ಬೇರೊಂದು ಕಾರಾಗಿದೆಯೆಂಬ ಸಂಗತಿ ನೋಂದಣಿ ಇಲಾಖೆಗೆ ಇನ್ನೂ ಗೊತ್ತಿಲ್ಲವೆಂದು ಅರ್ಥ. ಅಂಥ ಕಾರು ಎಷ್ಟೇ ಚೆನ್ನಾಗಿ ಓಡಲಿ, ಅಪಘಾತವಾದ ದಿನ ವಿಮೆಯವರು ಮೊದಲು ಎತ್ತುವ ಪ್ರಶ್ನೆ ಅದೇ ಆಗಬಹುದು. ಚಾಸಿಯ ಮೇಲೆ ಒತ್ತಿರುವ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ವಿ5ಸಿಯೊಂದಿಗೆ ನೀವೇ ಒಂದೊಂದು ಅಂಕಿ ಹಿಡಿದು ಹೋಲಿಸಿ. ಮಾರುವವರು ಓದಿ ಹೇಳಿದ್ದನ್ನು ನಂಬಿ ಬರಬೇಡಿ.

ಕಾರು ಯಾವಾಗ ಪೂರ್ಣಗೊಂಡಿತು ಎಂಬುದೂ ಮುಖ್ಯ. 1998ರಿಂದ ಈಚೆಗೆ ರಸ್ತೆಗಿಳಿದ ಕಿಟ್ ಕಾರುಗಳು ಎಸ್‌ವಿಎ ಎಂಬ, ಒಂದೊಂದು ಕಾರನ್ನೂ ಬೇರೆಯಾಗಿ ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ಪರೀಕ್ಷೆಯನ್ನು, 2009ರಿಂದ ಈಚಿನವು ಅದರ ಜಾಗಕ್ಕೆ ಬಂದ ಐವಿಎ ಪರೀಕ್ಷೆಯನ್ನು ದಾಟಿ ಬರಬೇಕಾಗಿತ್ತು. ಅದಕ್ಕೂ ಹಿಂದಿನವಕ್ಕೆ ಇಂಥ ಪರೀಕ್ಷೆ ಇರಲಿಲ್ಲ, ಹಾಗಾಗಿ ಅವುಗಳಲ್ಲಿ ಪ್ರಮಾಣಪತ್ರ ಇಲ್ಲದಿರುವುದು ದೋಷವಲ್ಲ. ಪರೀಕ್ಷೆ ಮುಗಿದ ಮೇಲೆ ಹಳೆಯ ಸ್ಟಿಯರಿಂಗ್ ಚಕ್ರ, ಕನ್ನಡಿ, ಸೀಟುಗಳನ್ನು ಬದಲಿಸುವ ರೂಢಿ ಬಹಳವಿದೆ. ಹೀಗೆ ಆಮೇಲೆ ಬಂದ ಭಾಗಗಳನ್ನು ಯಾವ ಪರೀಕ್ಷಕರೂ ನೋಡಿಲ್ಲವೆಂಬುದು ನೆನಪಿರಲಿ.

ನಂಬರ್ ಪ್ಲೇಟ್ ‘ಕ್ಯೂ’ ಅಕ್ಷರದಿಂದ ಆರಂಭವಾಗಿದ್ದರೆ ಗಾಬರಿಪಡಬೇಕಿಲ್ಲ. ಕಾರಿನ ವಯಸ್ಸನ್ನಾಗಲಿ ಮೂಲವನ್ನಾಗಲಿ ಖಚಿತಪಡಿಸಲು ಆಗದಿದ್ದಾಗ ಇಲಾಖೆ ಆ ಸಂಖ್ಯೆ ಕೊಡುತ್ತದೆ. ಅದು ಪ್ರಾಮಾಣಿಕವಾದ ನೋಂದಣಿಯೇ, ಆದರೆ ಮರುಮಾರಾಟದಲ್ಲಿ ಬೆಲೆ ಸ್ವಲ್ಪ ತಗ್ಗುತ್ತದೆ. ಕೊಳ್ಳುವಾಗ ನಿಮಗೂ ಅಷ್ಟು ತಗ್ಗಬೇಕು. ವಾರ್ಷಿಕ ಎಂಒಟಿ ತಪಾಸಣೆಯ ಹಿಂದಿನ ದಾಖಲೆಗಳನ್ನು ಸರ್ಕಾರದ ಜಾಲತಾಣದಲ್ಲಿ ವಾಹನ ಸಂಖ್ಯೆ ಹಾಕಿ ಉಚಿತವಾಗಿ ನೋಡಬಹುದು. ಇವತ್ತೇ ನೋಡಿ. ಪ್ರತಿವರ್ಷ ಎಷ್ಟು ಮೈಲಿ ಓಡಿತು, ಯಾವ ದೋಷ ಮತ್ತೆ ಮತ್ತೆ ಬಂತು ಎಂಬುದು ಅಲ್ಲಿ ತಿಳಿಯುತ್ತದೆ.

ಆ 7,000 ಮೈಲಿಯ ಬಗ್ಗೆ ಒಂದು ಮಾತು. ಅದು ಮೀಟರ್ ಕೂರಿಸಿದ ಮೇಲೆ ಓಡಿದ ದೂರ. ಎಂಜಿನ್ ಅದಕ್ಕೂ ಮೊದಲು ಸಿಯೆರಾದಲ್ಲಿ ಒಂದು ಲಕ್ಷ ಮೈಲಿ ಓಡಿರಬಹುದು. ಅದನ್ನು ಬಿಚ್ಚಿ ರಿಪೇರಿ ಮಾಡಿ ಕೂರಿಸಿದರೋ, ಇದ್ದ ಹಾಗೆಯೇ ಎತ್ತಿ ಕೂರಿಸಿದರೋ ಎಂದು ಕೇಳಿ, ರಸೀದಿ ತೋರಿಸಲು ಹೇಳಿ.

ಉತ್ತರ: ಕೊವೆಂಟ್ರಿಯಿಂದ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಮೆಕ್ಯಾನಿಕಲ್ ಎಂಜಿನಿಯರ್, ಒಂದು ಕಿಟ್ ಕಾರನ್ನು ಎರಡೂವರೆ ವರ್ಷ ಕೂತು ಕಟ್ಟಿದವನು. ಆದ್ದರಿಂದ ಕಾರಿನ ಮಾತನ್ನು ಆಡುತ್ತೇನೆ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಕಿಟ್‌ಗಳು ಎರಡು ಮನೆಗಳಲ್ಲಿ ತಯಾರಾದರೆ ಅವು ಎರಡು ಬೇರೆ ಬೇರೆ ಕಾರುಗಳೇ. ಹಾಗಾಗಿ ನೀವು ಪರೀಕ್ಷಿಸಬೇಕಾಗಿರುವುದು ಕಟ್ಟಿದವರ ಕೈಕೆಲಸವನ್ನು. ಜೋಡಣೆಯ ಪ್ರತಿ ಹಂತದ ಫೋಟೋ ಮತ್ತು ರಸೀದಿಗಳನ್ನು ಫೈಲಿನಲ್ಲಿ ಜೋಡಿಸಿಟ್ಟವರು ಸಾಮಾನ್ಯವಾಗಿ ಬೋಲ್ಟನ್ನೂ ಅಷ್ಟೇ ಶ್ರದ್ಧೆಯಿಂದ ಬಿಗಿದಿರುತ್ತಾರೆ.

ಕೈಕೆಲಸ ಬೇಗ ಬಯಲಾಗುವುದು ಪೈಪು ಮತ್ತು ವೈರುಗಳಲ್ಲಿ. ಬಾನೆಟ್ ತೆಗೆದು ಟಾರ್ಚ್ ಹಿಡಿದು ಬ್ರೇಕ್ ಪೈಪು ಹೋಗುವ ದಾರಿಯನ್ನು ಮೊದಲಿಂದ ಕೊನೆಯವರೆಗೆ ಬೆರಳಿನಲ್ಲಿ ಸವರುತ್ತ ಹೋಗಿ. ಅದನ್ನು ಸ್ವಲ್ಪ ಸ್ವಲ್ಪ ಅಂತರದಲ್ಲಿ ಕ್ಲಿಪ್ ಹಾಕಿ ಚಾಸಿಗೆ ಹಿಡಿಸಿರಬೇಕು. ಸ್ನೇಹಿತರೊಬ್ಬರಿಗಾಗಿ ನಾನು ನೋಡಿದ ಕಾರೊಂದರಲ್ಲಿ ಒಂದೇ ಒಂದು ಕ್ಲಿಪ್ ಬಿಟ್ಟುಹೋಗಿತ್ತು. ಅಲ್ಲಿ ಮಾತ್ರ ಪೈಪು ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ, ಹೊಸ ನಾಣ್ಯದಂತೆ ಹೊಳೆಯುವ ಅರ್ಧ ಇಂಚಿನ ಗೀರು ಮೂಡಿತ್ತು. ಉಗುರಿಟ್ಟರೆ ಹಳ್ಳ ಸಿಗುತ್ತಿತ್ತು. ಆ ಕಾರು ಎಂಒಟಿ ದಾಟಿ ಎರಡು ತಿಂಗಳೂ ಆಗಿರಲಿಲ್ಲ.

ವೈರಿಂಗ್‌ನಲ್ಲಿ ಎರಡು ತಂತಿಗಳನ್ನು ಹೆಣೆದು ಟೇಪ್ ಸುತ್ತಿದ ಗಂಟುಗಳು ಕಂಡರೆ, ಕಾಣದ ಜಾಗದಲ್ಲಿ ಇನ್ನೂ ಹತ್ತು ಅಂಥವೇ ಇವೆಯೆಂದು ತಿಳಿಯಿರಿ. ಇಂಥ ಕಾರಿನ ಫೈಬರ್‌ಗ್ಲಾಸ್ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ತಂತಿ ಎಳೆದಿರಬೇಕು. ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ದೀಪ, ರೇಡಿಯೇಟರ್ ಫ್ಯಾನ್ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ. ಇಂಡಿಕೇಟರ್ ಮಿನುಗಿದಂತೆಲ್ಲ ಬೇರೆ ದೀಪಗಳೂ ಮಂಕಾದರೆ ದೋಷ ಅರ್ತಿಂಗ್‌ನಲ್ಲೇ ಇರುವುದು ಹೆಚ್ಚು.

ಕಾರು ಎಲ್ಲಾದರೂ ಗುದ್ದಿತ್ತೇ ಎಂದು ತಿಳಿಯಲು ಅಳತೆ ಟೇಪ್ ಸಾಕು. ಸ್ಟಿಯರಿಂಗನ್ನು ನೇರವಾಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿಯಲ್ಲಿ ಅಳೆಯಿರಿ. ಸ್ವಲ್ಪ ವ್ಯತ್ಯಾಸ ಜೋಡಣೆಯಿಂದಲೂ ಬರುತ್ತದೆ. ಒಂದು ಬೆರಳಿನ ಅಗಲಕ್ಕಿಂತ ಹೆಚ್ಚಾದರೆ ಮುಂದಿನ ವಿಷ್‌ಬೋನ್‌ಗಳು (ಚಕ್ರವನ್ನು ಹಿಡಿದಿಡುವ ತೋಳುಗಳು) ಚಾಸಿಗೆ ಸೇರುವ ಕಡೆ ಬಣ್ಣ ಬಿರಿದಿದೆಯೇ, ಕೊಳವೆ ಸುಕ್ಕುಗಟ್ಟಿದೆಯೇ, ಹೊಸ ಬೆಸುಗೆ ಇದೆಯೇ ಎಂದು ಹುಡುಕಿ. ಫೈಬರ್ ಮೇಲಿನ ನಕ್ಷತ್ರಾಕಾರದ ಬಿರುಕುಗಳು ಹೆಚ್ಚಾಗಿ ಕಲ್ಲು ಸಿಡಿದು ಆದವು, ಅವುಗಳ ಬಗ್ಗೆ ಚಿಂತೆ ಬೇಡ.

ಈ ಕಾರುಗಳ ತೂಕ ಸುಮಾರು 600 ಕಿಲೋ. ಅದರಿಂದಾಗಿ ಟಯರು ಸವೆಯುವ ಮೊದಲೇ ವಯಸ್ಸಾಗಿ ಗಟ್ಟಿಯಾಗುತ್ತದೆ, ಹೊರಮೈಯ ಗೀರುಗಳು ಮಾತ್ರ ಹೊಸದರಂತೆಯೇ ಕಾಣುತ್ತವೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2312 ಎಂದಿದ್ದರೆ 2012ರ 23ನೆಯ ವಾರದಲ್ಲಿ ತಯಾರಾದದ್ದು. ಒದ್ದೆ ರಸ್ತೆಯಲ್ಲಿ ಅಂಥ ಟಯರನ್ನು ನಂಬಿ ಓಡಿಸಬಾರದು, ನಾಲ್ಕೂ ಟಯರಿನ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಎಂಜಿನ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಸಿಯೆರಾದ ಎಂಜಿನ್ ಯಾವ ಗ್ಯಾರೇಜಿನವರಿಗಾದರೂ ಗೊತ್ತಿರುತ್ತದೆ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು, ಮೊದಲೇ ಬಿಸಿ ಮಾಡಿಟ್ಟಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಕಾರು ತಗ್ಗಾಗಿರುವುದರಿಂದ ಎಂಜಿನ್ನಿನ ಆಯಿಲ್ ಸಂಪ್ (ಅಡಿಯ ಎಣ್ಣೆ ತಟ್ಟೆ) ನೆಲಕ್ಕೆ ಬಹಳ ಹತ್ತಿರವಿರುತ್ತದೆ. ಅದಕ್ಕೆ ಪೆಟ್ಟು ಬಿದ್ದಿದೆಯೇ ಎಂದು ಕೆಳಗೆ ಬಗ್ಗಿ ನೋಡಿ. ಮುಂದೆ ರೋವರ್ ಕೆ-ಸೀರೀಸ್ ಎಂಜಿನ್ನಿನ ಕಾರು ಸಿಕ್ಕಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸೀಲು) ಬಗ್ಗೆ ತಪ್ಪದೆ ವಿಚಾರಿಸಿ, ಕೂಲೆಂಟ್ ಮಟ್ಟವನ್ನೂ ಆಯಿಲ್ ಮುಚ್ಚಳದ ಒಳಮೈಯನ್ನೂ ನೋಡಿ.

ತೆಳ್ಳನೆಯ ಅಡಿಯ ಷೂ ಹಾಕಿಕೊಂಡು ಹೋಗಿ. ಪೆಡಲ್‌ಗಳ ಜಾಗ ಎಷ್ಟು ಇಕ್ಕಟ್ಟೆಂದರೆ ದಪ್ಪ ಷೂ ಒಮ್ಮೆಗೇ ಎರಡು ಪೆಡಲ್ ಒತ್ತಿಬಿಡುತ್ತದೆ.

ಉತ್ತರ: ನಾಟಿಂಗ್‌ಹ್ಯಾಮ್‌ನಿಂದ

ತುಕ್ಕಿನ ವಿಷಯವನ್ನು ಯಾರೂ ಎತ್ತದಿರುವುದರಿಂದ ನನ್ನ ಅನುಭವ ಹೇಳಲೇಬೇಕು. ನನ್ನ ಕಾರಿನ ಚಾಸಿ ಚೌಕಾಕಾರದ ಉಕ್ಕಿನ ಕೊಳವೆಗಳದು, ಮೇಲೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಅಂಟಿಸಿದ ಪದರ), ಅದರ ಮೇಲೆ ರಿವೆಟ್ ಹೊಡೆದು ಕೂರಿಸಿದ ಅಲ್ಯೂಮಿನಿಯಂ ಹಾಳೆ. ನೋಡಲು ಎಲ್ಲವೂ ಕನ್ನಡಿಯಂತಿತ್ತು. ಪೌಡರ್ ಕೋಟಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಅದರೊಳಗೆ ಇಳಿದು, ಮೇಲಿನ ಪದರ ಹಾಗೇ ಇರುವಾಗಲೇ ಒಳಗಿನ ಉಕ್ಕನ್ನು ತಿನ್ನುತ್ತ ಹೋಗುತ್ತದೆಂಬುದು ಆಗ ನನಗೆ ತಿಳಿದಿರಲಿಲ್ಲ. ಚಳಿಗಾಲದಲ್ಲಿ ಈ ದೇಶದ ರಸ್ತೆಗಳಿಗೆ ಹಾಕುವ ಉಪ್ಪು ಸೇರಿದರೆ ಕೇಳುವುದೇ ಬೇಡ.

ಕೊಂಡ ಎರಡನೆಯ ವರ್ಷ, ಸೀಟಿನ ಕೆಳಗೆ ಸದ್ದು ಬರುತ್ತಿದೆಯೆಂದು ನೆಲದ ಹಾಳೆಯ ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆದೆ. ಹಾಳೆಗೂ ಕೊಳವೆಗೂ ನಡುವೆ ಒದ್ದೆ ಮಣ್ಣು ಮೆತ್ತಿಕೊಂಡಿತ್ತು. ಕಪ್ಪು ಪದರವನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಹಪ್ಪಳದಂತೆ ಎದ್ದು ಬಂತು, ಸ್ವಲ್ಪ ಒತ್ತಿದ್ದಕ್ಕೆ ಸ್ಕ್ರೂಡ್ರೈವರ್ ಕೊಳವೆಯೊಳಕ್ಕೇ ಇಳಿಯಿತು. ಸೀಟ್ ಬೆಲ್ಟಿನ ಬೋಲ್ಟ್ ಇದ್ದದ್ದು ಅಲ್ಲಿಂದ ಒಂದು ಗೇಣು ದೂರದಲ್ಲಿ. ಅದೇ ಸೀಟಿನಲ್ಲಿ ನನ್ನ ಮಗಳನ್ನು ಕೂರಿಸಿಕೊಂಡು ಎರಡು ಬೇಸಿಗೆ ಓಡಾಡಿದ್ದೆ.

ಆದ್ದರಿಂದ ಕಾರನ್ನು ರ‍್ಯಾಂಪ್ ಮೇಲೆ ಎತ್ತಿಸಿ ನೋಡದೆ ಕೊಳ್ಳಬೇಡಿ. ಹತ್ತಿರದ ಎಂಒಟಿ ಗ್ಯಾರೇಜಿನವರು ಅರ್ಧ ಗಂಟೆಯ ಕೂಲಿಗೆ ಎತ್ತಿ ಕೊಡುತ್ತಾರೆ. ಕೆಳಗಿನ ಉದ್ದನೆಯ ಕೊಳವೆಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ; ಗಟ್ಟಿ ಉಕ್ಕು ಟಣ್ಣೆನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಪೌಡರ್ ಕೋಟಿಂಗ್ ಉಬ್ಬಿದ ಕಡೆ ಹೆಬ್ಬೆರಳಿನಿಂದ ಒತ್ತಿ. ಮಾರುವವರು ಎತ್ತಿಸಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಓಡಿಸಿ ನೋಡುವ ಮೊದಲು ನಿಮ್ಮ ವಿಮೆ ಆ ಕಾರಿಗೂ ಅನ್ವಯಿಸುತ್ತದೆಯೇ ಎಂದು ಫೋನ್ ಮಾಡಿ ಕೇಳಿ. ಕಿಟ್ ಕಾರುಗಳಿಗೆ ವಿಮೆ ಕೊಡದ ಕಂಪನಿಗಳೇ ಬಹಳ. ಈ ಬಗೆಯ ಕಾರುಗಳನ್ನೇ ನೋಡಿಕೊಳ್ಳುವ ಏಜೆಂಟರು ಇದ್ದಾರೆ. ಕಾರಿನ ಬೆಲೆಯನ್ನು ಮೊದಲೇ ಲಿಖಿತವಾಗಿ ನಿಗದಿಮಾಡಿಕೊಳ್ಳುವ ಪಾಲಿಸಿಯನ್ನು ಅವರಲ್ಲಿ ಕೇಳಿ ಪಡೆಯಿರಿ.

ಮರುಉತ್ತರ: ಲೆಸ್ಟರ್ ನಿವಾಸಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿಯೇ ಮಾರುವವರಿಗೆ ಬರೆದು ವಿ5ಸಿಯ ಫೋಟೋ ಕೇಳಿದ್ದೆ. ಇಂದು ಬೆಳಿಗ್ಗೆ ಬಂತು. ತಯಾರಕರು ‘ಫೋರ್ಡ್’, ಮಾದರಿ ‘ಸಿಯೆರಾ’, ಆಕಾರ ಐದು ಬಾಗಿಲಿನ ಹ್ಯಾಚ್‌ಬ್ಯಾಕ್. ಫೋಟೋದಲ್ಲಿರುವ ಕಾರಿಗೆ ಒಂದು ಬಾಗಿಲೂ ಇಲ್ಲ. ‘ಇಷ್ಟು ವರ್ಷ ಯಾರೂ ಕೇಳಿಲ್ಲ’ ಎಂಬುದು ಅವರ ಉತ್ತರ. ನಾನು ನಮ್ರವಾಗಿ ಬೇಡವೆಂದು ತಿಳಿಸಿದ್ದೇನೆ.

ಅದಕ್ಕಿಂತ 900 ಪೌಂಡ್ ಹೆಚ್ಚಿನ ಬೆಲೆಯ ಇನ್ನೊಂದು ಕಾರು ಲಫ್‌ಬರೋದಲ್ಲಿದೆ. ಬಣ್ಣ ಮಾಸಿದೆ, ಟಯರುಗಳು 2011ರವೆಂದು ಅವರೇ ಹೇಳಿದರು. ಆದರೆ ಎಸ್‌ವಿಎ ಪ್ರಮಾಣಪತ್ರವಿದೆ, ಜೋಡಣೆಯ ಫೋಟೋಗಳ ಎರಡು ಫೈಲುಗಳಿವೆ, ವಿ5ಸಿಯಲ್ಲಿ ಕಿಟ್‌ನ ಹೆಸರೇ ಇದೆ. ಶನಿವಾರ ಹತ್ತು ಗಂಟೆಗೆ ಅವರ ಊರಿನ ಎಂಒಟಿ ಗ್ಯಾರೇಜಿನಲ್ಲೇ ರ‍್ಯಾಂಪ್ ಗೊತ್ತುಮಾಡಿದ್ದೇನೆ. ಕೊವೆಂಟ್ರಿಯವರಿಗೆ ಬಿಡುವಿದ್ದರೆ ಜೊತೆಗೆ ಬರಬಹುದೇ? ಹೋಗಿಬರುವ ವ್ಯವಸ್ಥೆಯೂ ಮಧ್ಯಾಹ್ನದ ಊಟವೂ ನಮ್ಮ ಮನೆಯದು.