‘ಬಿಟ್ಟೆಯಾ?’ ಅನ್ನುವ ಪ್ರಶ್ನೆಗೆ ಕನ್ನಡದಲ್ಲಿ ಏನು ಹೆಸರು?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಹೈಸ್ಕೂಲು ಮಕ್ಕಳಿಗೆಂದು ವಾದ, ತರ್ಕದ ಬಗ್ಗೆ ಪುಟ್ಟ ಬರಹವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಇಂಥದೊಂದು ಪ್ರಶ್ನೆ ಬರುತ್ತದೆ: ‘ಸುಳ್ಳು ಹೇಳುವುದನ್ನು ಬಿಟ್ಟೆಯಾ?’ ಹೌದು ಅಂದರೆ ಇಷ್ಟು ದಿನ ಹೇಳುತ್ತಿದ್ದೆ ಅಂತಾಯಿತು. ಇಲ್ಲ ಅಂದರೆ ಈಗಲೂ ಹೇಳುತ್ತಿದ್ದೀಯ ಅಂತಾಯಿತು. ಎಂದೂ ಸುಳ್ಳು ಹೇಳದವನೂ ಸಿಕ್ಕಿಬೀಳುತ್ತಾನೆ. ಈ ಬಗೆಯ ಪ್ರಶ್ನೆಗೆ ನೀವು ಏನನ್ನುತ್ತೀರಿ?

ನನಗೆ ಮೊದಲು ಹೊಳೆದದ್ದು ಕೊಂಕು ಪ್ರಶ್ನೆ. ಆದರೆ ಕೊಂಕು ಇರುವುದು ದನಿಯಲ್ಲಿ. ಈ ಪ್ರಶ್ನೆಯನ್ನು ನಗುನಗುತ್ತಾ, ಬೆಣ್ಣೆಯಷ್ಟು ಮೆತ್ತಗೆ ಕೇಳಬಹುದು. ಅಡ್ಡಪ್ರಶ್ನೆ ಅಂದರೆ ನಡುವೆ ಬಾಯಿ ಹಾಕಿ ಕೇಳಿದ್ದು. ಕೊಕ್ಕೆ ಪ್ರಶ್ನೆ ಸ್ವಲ್ಪ ಹತ್ತಿರ ಬರುತ್ತದೆ, ಆದರೂ ‘ಕೊಕ್ಕೆ ಹಾಕಿದ’ ಅಂದಾಗ ಆಗುತ್ತಿದ್ದ ಕೆಲಸಕ್ಕೆ ತಡೆ ಒಡ್ಡಿದ ಅಂತಲೇ ಜನ ತಿಳಿಯುವುದು. ಗೆಳೆಯರೊಬ್ಬರು ‘ಇತ್ತ ದರಿ ಅತ್ತ ಪುಲಿ ಅನ್ನೋದು ಇದಕ್ಕೇ ಅಲ್ವಾ?’ ಅಂದರು. ಅಲ್ಲ ಅನ್ನಿಸುತ್ತದೆ. ಆ ಮಾತಿನಲ್ಲಿ ದರಿಯೂ ನಿಜ, ಹುಲಿಯೂ ನಿಜ. ಇಲ್ಲಿ ಹುಲಿಯೇ ಇಲ್ಲ. ಹುಲಿ ಇದೆ ಅಂತ ನಮ್ಮ ಬಾಯಿಂದಲೇ ಹೇಳಿಸುವುದು ಕೇಳುವವನ ಆಟ.

ಆಟ ಹೊಸದೇನಲ್ಲ. ಹಳೆಯ ಗ್ರೀಸಿನ ಮೆನೆಡೆಮಸ್ ಎಂಬ ತತ್ವಜ್ಞಾನಿಯನ್ನು ಅಲೆಕ್ಸಿನಸ್ ಎಂಬವನು ‘ಅಪ್ಪನಿಗೆ ಹೊಡೆಯುವುದನ್ನು ಬಿಟ್ಟೆಯಾ?’ ಅಂತ ಕೇಳಿದನಂತೆ. ಹೊಡೆಯುತ್ತಲೂ ಇರಲಿಲ್ಲ, ಬಿಟ್ಟೂ ಇಲ್ಲ ಅಂದ ಮೆನೆಡೆಮಸ್. ಸುತ್ತುಬಳಸು ಬೇಡ, ಹೌದು ಅಥವಾ ಇಲ್ಲ ಅನ್ನು ಅಂತ ಅಲೆಕ್ಸಿನಸ್ ಪಟ್ಟು ಹಿಡಿದ. ನಿನ್ನನ್ನು ಹೊಸ್ತಿಲಲ್ಲೇ ತಡೆಯಬಹುದಾದಾಗ ನಿನ್ನ ಕಟ್ಟಳೆಗೆ ನಾನೇಕೆ ತಲೆಬಾಗಲಿ ಅಂದನಂತೆ ಮೆನೆಡೆಮಸ್. ಗ್ರೀಕ್ ತತ್ವಜ್ಞಾನಿಗಳ ಜೀವನಕತೆಗಳನ್ನು ಬರೆದ ಡಯೋಜಿನಿಸ್ ಲಯರ್ಷಿಯಸ್ ಬರೆದಿಟ್ಟ ಕತೆ ಇದು. ಅರಿಸ್ಟಾಟಲ್ ತಾನು ಪಟ್ಟಿ ಮಾಡಿದ 13 ವಾದದೋಷಗಳಲ್ಲಿ ಇಂಥ ಪ್ರಶ್ನೆಯನ್ನೂ ಸೇರಿಸಿದ್ದಾನೆ. ಅವನು ಕೊಟ್ಟ ಹೆಸರು ಸರಳ: ಹಲವು ಪ್ರಶ್ನೆಗಳನ್ನು ಒಂದು ಮಾಡುವುದು.

ಗ್ರೀಕರಿಗೆ ಹೆಸರು ಇದ್ದರೆ ನಮ್ಮ ನ್ಯಾಯಶಾಸ್ತ್ರದಲ್ಲಿ, ಅಂದರೆ ಹಳೆಯ ತರ್ಕಶಾಸ್ತ್ರದಲ್ಲಿ, ಇಲ್ಲದೆ ಇರುತ್ತದೆಯೇ ಅಂತ ಆ ಕಡೆ ಹೋದೆ. ಗೌತಮನ ನ್ಯಾಯಸೂತ್ರದಲ್ಲಿ ವಾದದ ತಂತ್ರಗಳಿಗೆ ಹೆಸರುಗಳ ರಾಶಿಯೇ ಇದೆ. ಹೇತ್ವಾಭಾಸ (ಕಾರಣದಂತೆ ತೋರುವ ಹುಸಿ ಕಾರಣ) 5, ಛಲ 3, ಜಾತಿ 24, ನಿಗ್ರಹಸ್ಥಾನ (ವಾದದಲ್ಲಿ ಸೋತಂತೆ ಆಗುವ ಘಟ್ಟ) 22. ಆದರೆ ನನ್ನ ತೊಡಕು ಬೇರೆ. ಇವುಗಳಲ್ಲಿ ನಮಗೆ ಪರಿಚಿತವಾದ ಪದಗಳು ಕನ್ನಡದಲ್ಲಿ ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡುಬಿಟ್ಟಿವೆ. ಛಲವನ್ನೇ ನೋಡಿ. ಅಲ್ಲಿ ಛಲ ಅಂದರೆ ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಸೋಲಿಸುವುದು. ಹುಡುಗ ‘ನವಕಂಬಲ’ ಹೊದ್ದಿದ್ದಾನೆ, ಅಂದರೆ ಹೊಸ ಕಂಬಳಿ ಹೊದ್ದಿದ್ದಾನೆ ಅಂತ ಒಬ್ಬ ಅಂದರೆ, ಎಲ್ಲಿ ಒಂಬತ್ತು ಕಂಬಳಿ, ಒಂದೇ ಇದೆಯಲ್ಲ ಅನ್ನುತ್ತಾನೆ ಇನ್ನೊಬ್ಬ. ಕನ್ನಡದಲ್ಲೋ ಛಲ ಅಂದರೆ ಹಿಡಿದದ್ದನ್ನು ಬಿಡದ ಗಟ್ಟಿತನ. ‘ಅವಳು ಛಲಗಾತಿ’ ಅನ್ನುವುದು ಹೊಗಳಿಕೆ. ಮಕ್ಕಳಿಗೆ ‘ಛಲ ಮಾಡಬೇಡಿ’ ಅಂತ ಬರೆದರೆ ನನ್ನನ್ನೇ ಬೈಯುತ್ತಾರೆ! ಇನ್ನು ‘ಜಾತಿ’ ಅಂದರೆ ಅಲ್ಲಿ ಹುಸಿ ಎದುರುತ್ತರ. ಅದನ್ನು ಇಲ್ಲಿ ಬಳಸುವ ಮಾತೇ ಇಲ್ಲ.

ಅನುಮಾನವೂ ಹೀಗೇ. ಹೊಗೆ ಕಂಡು ಬೆಂಕಿ ಇದೆ ಅಂತ ಖಚಿತವಾಗಿ ತಿಳಿಯುವುದು ತರ್ಕದವರ ಅನುಮಾನ. ನಮ್ಮ ಅನುಮಾನದಲ್ಲಿ ಖಚಿತ ಅನ್ನುವುದೇ ಇಲ್ಲ. ‘ಅವನ ಮೇಲೆ ನನಗೆ ಅನುಮಾನ’ ಅಂದರೆ ಸಂಶಯ, ಅಷ್ಟೇ. ಒಂದೇ ಪದ ಹೆಚ್ಚುಕಡಿಮೆ ತಲೆಕೆಳಗಾಗಿ ನಿಂತಿದೆ. ವಿತಂಡದ್ದು ಇಷ್ಟು ದೂರ ಹೋಗಿಲ್ಲ. ತನ್ನದು ಅಂತ ಯಾವ ಪಕ್ಷವನ್ನೂ ಮುಂದಿಡದೆ ಎದುರಿನವನದನ್ನು ಬರೀ ಕೆಡವುತ್ತಾ ಹೋಗುವುದು ಮೂಲದ ವಿತಂಡ. ಈಗ ಮೊಂಡುವಾದಕ್ಕೆಲ್ಲ ಅದೇ ಹೆಸರು.

ಸವಾಲಿನ ಕತೆ ಇನ್ನೂ ಮಜಾ. ಅರಬ್ಬಿಯಲ್ಲಿ ಅದು ಬರೀ ಪ್ರಶ್ನೆ. ಕನ್ನಡಕ್ಕೆ ಬಂದು ತೊಡೆ ತಟ್ಟುವ ಪಂಥವಾಯಿತು. ಕೋರ್ಟಿನ ಪಾಟೀಸವಾಲಿನಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಅಂದ ಹಾಗೆ ಕಾನೂನಿನವರ ‘ಸೂಚಕ ಪ್ರಶ್ನೆ’ಯೂ ನನಗೆ ಬೇಕಾದದ್ದಲ್ಲ. ‘ಕಿಟಕಿ ಒಡೆದದ್ದು ನೀನೇ ಅಲ್ವಾ?’ ಅನ್ನುವುದು ಉತ್ತರವನ್ನು ಬಾಯಿಗೆ ಇಡುವ ಪ್ರಶ್ನೆ. ಅದಕ್ಕೆ ‘ಅಲ್ಲ’ ಅಂದು ಆರಾಮಾಗಿ ಪಾರಾಗಬಹುದು.

ಈ ‘ಅಲ್ಲ’ದ ಹತ್ತಿರ ನಾನು ಬಹಳ ಹೊತ್ತು ನಿಂತುಬಿಟ್ಟೆ. ನಮ್ಮಲ್ಲಿ ನಿರಾಕರಣೆಗೆ ಎರಡು ಪದ ಇವೆ. ‘ಅವರು ಮನೆಯಲ್ಲಿದ್ದಾರಾ?’ ‘ಇಲ್ಲ.’ ‘ಅವರು ಡಾಕ್ಟರಾ?’ ‘ಅಲ್ಲ.’ ಇರುವಿಕೆಯನ್ನು, ನಡೆದದ್ದನ್ನು ಅಲ್ಲಗಳೆಯುವುದು ಇಲ್ಲ. ಹೇಳಿದ್ದು ಹಾಗಿಲ್ಲ, ಅದು ಬೇರೆ ಅನ್ನುವುದು ಅಲ್ಲ. ಈಗ ‘ಸುಳ್ಳು ಹೇಳುವುದನ್ನು ಬಿಟ್ಟೆಯಾ?’ ಅನ್ನುವುದಕ್ಕೆ ಬನ್ನಿ. ಕ್ರಿಯಾಪದದ ಪ್ರಶ್ನೆಯಾದ್ದರಿಂದ ನಾಲಿಗೆಗೆ ತಾನಾಗಿ ಬರುವುದು ‘ಇಲ್ಲ’. ಅಂದರೆ ವ್ಯಾಕರಣವೇ ನಮ್ಮನ್ನು ಗುಂಡಿಗೆ ತಳ್ಳುತ್ತದೆ. ತಪ್ಪಿಸಿಕೊಳ್ಳಲು ಬೇಕಾದದ್ದು ‘ಹಾಗಲ್ಲ’. ಕೇಳುವವನು ‘ಹೌದು ಅಥವಾ ಇಲ್ಲ, ಒಂದು ಹೇಳು’ ಅನ್ನುವಾಗ ಸದ್ದಿಲ್ಲದೆ ಕಿತ್ತುಕೊಳ್ಳುವುದು ಈ ‘ಅಲ್ಲ’ವನ್ನೇ. ಹೀಗೆ ಎರಡು ಪದ ಇರುವ ಭಾಷೆಯಲ್ಲಿ ಈ ದೋಷಕ್ಕೆ ಒಂದು ಹೆಸರಿಲ್ಲ ಅಂದರೆ ಬೇಜಾರಾಗುತ್ತದೆ.

ಉತ್ತರಕ್ಕೆ ನಮ್ಮಲ್ಲಿ ಇನ್ನೊಂದು ಮಾತೂ ಇದೆ. ‘ಆ ಪ್ರಮೇಯವೇ ಬರುವುದಿಲ್ಲ.’ ಪ್ರಮೇಯ ಅಂದರೆ ಗಣಿತದಲ್ಲಿ ಸಾಧಿಸಿ ತೋರಿಸುವ ಮಾತು, ನ್ಯಾಯಶಾಸ್ತ್ರದಲ್ಲಿ ತಿಳಿಯಬೇಕಾದ ವಿಷಯ. ಆಡುಮಾತಿನಲ್ಲಿ ಸಂದರ್ಭ ಅಂತಲೋ ಏನೋ ಆಗಿದೆ. ಆದರೂ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹೊಸ್ತಿಲಲ್ಲೇ ತಡೆದ ಹಾಗೆ.

ಇಂಥ ಪ್ರಶ್ನೆ ಕಟ್ಟಲು ‘ಬಿಟ್ಟೆಯಾ’ ಕೂಡ ಬೇಕಿಲ್ಲ. ಚಿಕ್ಕ ಪದಗಳು ಸಾಕು. ‘ಈಗಲಾದರೂ ನಿಜ ಹೇಳುತ್ತೀಯಾ?’ ಇದರಲ್ಲಿ ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳು ಅನ್ನುವುದು ಸುಮ್ನೆ ಒಳಗೆ ಕೂತಿದೆ. ‘ಮತ್ತೆ ಜಗಳ ಆಡಿದೆಯಾ?’ ‘ನೀನೂ ಅವರ ಜೊತೆ ಸೇರಿಕೊಂಡೆಯಾ?’ ಆ ‘ಮತ್ತೆ’, ಆ ‘ಊ’ ಮಾಡುವ ಕೆಲಸ ಇಡೀ ವಾಕ್ಯ ಮಾಡುವುದಿಲ್ಲ. ನಾವೆಲ್ಲ ದಿನಾ ಕೇಳುತ್ತೇವೆ, ಬೇಕಂತಲೂ ಅಲ್ಲ.

ಸದ್ಯಕ್ಕೆ ನಾನು ‘ಗಂಟುಪ್ರಶ್ನೆ’ ಅಂತ ಬರೆದುಕೊಂಡಿದ್ದೇನೆ. ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಗಂಟು ಹಾಕಿ ಕೇಳಿದ್ದು. ಅರಿಸ್ಟಾಟಲ್ ಹೇಳಿದ್ದಕ್ಕೂ ಸರಿಹೋಗುತ್ತದೆ. ‘ಮೊದಲು ಗಂಟು ಬಿಚ್ಚು, ಆಮೇಲೆ ಉತ್ತರ ಕೊಡು’ ಅಂತ ಮಕ್ಕಳಿಗೆ ಹೇಳಿಕೊಡುವುದೂ ಸುಲಭ. ಆದರೆ ಓದಿದ ಇಬ್ಬರೂ ಕಗ್ಗಂಟು ನೆನಪಿಸಿಕೊಂಡು ‘ಅಂದರೆ ಕಷ್ಟದ ಪ್ರಶ್ನೆ ಅಂತಲಾ?’ ಅಂತ ಕೇಳಿದರು. ‘ಒಳಮಾತಿನ ಪ್ರಶ್ನೆ’ ಅಂತ ಇನ್ನೊಂದು ಬರೆದಿದ್ದೆ. ಅರ್ಥ ಸರಿ, ಬಾಯಲ್ಲಿ ನಿಲ್ಲುವುದಿಲ್ಲ.

ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ ದಯವಿಟ್ಟು ಬರೆಯಿರಿ. ಹೆಸರು ಇಲ್ಲದಿದ್ದರೂ ಪರವಾಗಿಲ್ಲ. ಇಂಥ ಪ್ರಶ್ನೆ ಎದುರಾದಾಗ ಮನೆಯ ಹಿರಿಯರು ತಟ್ಟನೆ ಏನನ್ನುತ್ತಿದ್ದರು ಅಂತ ನೆನಪಿದ್ದರೆ ಅದನ್ನೂ ತಿಳಿಸಿ.