ಪರ್ತ್‌ನ 1396ರ ಕಾಳಗ: ಅಷ್ಟು ಜನ ಸತ್ತ ಮೇಲಾದರೂ ಜಗಳ ನಿಂತಿತಾ?

ಹಾಸನದ_ಓದುಗ:
ಸ್ಕಾಟ್ಲೆಂಡಿನ ಕುಲಗಳ ಬಗ್ಗೆ ಓದುತ್ತಿದ್ದೇನೆ. 1396ರ ಸೆಪ್ಟೆಂಬರಿನಲ್ಲಿ ಪರ್ತ್ ಊರಿನ ನಾರ್ತ್ ಇಂಚ್ ಬಯಲಲ್ಲಿ ಎರಡು ಕುಲದವರು ತಲಾ 30 ಜನರಂತೆ ನಿಂತು, ರಾಜನ ಕಣ್ಣೆದುರೇ ಸಾಯುವ ತನಕ ಹೊಡೆದಾಡಿದರು ಅಂತ ಇದೆ. ಇದು ನಿಜವಾಗಿ ನಡೆದದ್ದಾ, ಆಮೇಲೆ ಬೆಳೆದ ಕಥೆಯಾ? ನಡೆದಿದ್ದರೆ ರಾಜ ಸುಮ್ನೆ ಕೂತು ನೋಡಿದ್ದು ಯಾಕೆ? ಮುಖ್ಯವಾಗಿ, ಅದರಿಂದ ಜಗಳ ಮುಗಿಯಿತಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಹಳೆಕಡತ:
ನಡೆದದ್ದೇ. ರಾಜನ ಖಜಾನೆ ಲೆಕ್ಕದಲ್ಲಿ ಅದಕ್ಕೆ ಸಾಕ್ಷಿ ಇದೆ. ಪರ್ತ್‌ನಲ್ಲಿ 60 ಜನ ಹೋರಾಡಲು ಆವರಣ ಕಟ್ಟಿಸಿದ್ದಕ್ಕೆ ಮರ, ಕಬ್ಬಿಣ, ಕೆಲಸ ಎಲ್ಲ ಸೇರಿ 14 ಪೌಂಡ್ 2 ಶಿಲ್ಲಿಂಗ್ 11 ಪೆನ್ಸ್ ಖರ್ಚು ಅಂತ ಬರೆದಿಟ್ಟಿದ್ದಾರೆ. ಕಥೆ ಹೇಳುವವರು ಏನನ್ನಾದರೂ ಸೇರಿಸಬಹುದು, ಆದರೆ ಆಗದ ಕೆಲಸಕ್ಕೆ ಪೆನ್ಸ್ ಲೆಕ್ಕದಲ್ಲಿ ದುಡ್ಡು ಬರೆಯುವ ಗುಮಾಸ್ತ ಸಿಗುವುದು ಕಷ್ಟ, ಅಲ್ವಾ?

ರಾಜ ಯಾಕೆ ಒಪ್ಪಿದ ಅನ್ನುವುದಕ್ಕೆ ಆ ಕಾಲದ ಸ್ಥಿತಿ ನೋಡಬೇಕು. ಮೂರನೇ ರಾಬರ್ಟ್ ಬಿಗಿಯಾಗಿ ಆಳಿದವನಲ್ಲ. ಪಟ್ಟಕ್ಕೆ ಬರುವ ಮುಂಚೆಯೇ ಕುದುರೆ ಒದ್ದು ಕಾಲು ಊನವಾಗಿತ್ತು. ಅವನ ಸ್ವಂತ ತಮ್ಮ, ಬ್ಯಾಡೆನಾಕ್‌ನ ತೋಳ ಅಂತ ಹೆಸರಾದ ಅಲೆಕ್ಸಾಂಡರ್, 1390ರಲ್ಲಿ ಎಲ್ಗಿನ್ ಕೆಥೀಡ್ರಲ್‌ಗೇ ಬೆಂಕಿ ಇಟ್ಟ. ಅದಾಗಿ ಎರಡು ವರ್ಷದೊಳಗೆ ಬೆಟ್ಟದ ಕಡೆಯ ದಂಡು ಕೆಳಗಿಳಿದು ಆಂಗಸ್ ಸೀಮೆಯಲ್ಲಿ ರಾಜನ ಅಧಿಕಾರಿಯಾಗಿದ್ದ ಶೆರಿಫ್‌ನನ್ನೇ ಕೊಂದಿತು. ಮನೆಯವರೇ ಮಾತು ಕೇಳದ ಮೇಲೆ ಬೆಟ್ಟದ ಕುಲಗಳು ಕೇಳುತ್ತವೆಯೇ? ಪ್ರಭುಗಳಾದ ಡೇವಿಡ್ ಲಿಂಡ್ಸೆ ಮತ್ತು ಮೊರೆ ಪ್ರಾಂತ್ಯದ ಅರ್ಲ್ ಇಬ್ಬರೂ ರಾಜಿ ಮಾಡಿಸಲು ನೋಡಿದರು. ಆಗಲಿಲ್ಲ. ಕೊನೆಗೆ ಎರಡೂ ಕಡೆಯಿಂದ 30-30 ಜನ ಬರಲಿ, ರಾಜನ ಮುಂದೆ ತೀರ್ಮಾನ ಆಗಲಿ ಅಂತ ಒಪ್ಪಿಸಿದರು. ನನ್ನ ದೃಷ್ಟಿಯಲ್ಲಿ ಇದು ನ್ಯಾಯ ಅಲ್ಲ, ಕೈಲಾಗದ ಆಸ್ಥಾನ ತನ್ನ ಮುಖ ಉಳಿಸಿಕೊಂಡ ದಾರಿ.

ಒಂದು ಪ್ರಸಂಗ ಮಾತ್ರ ಹೇಳಲೇಬೇಕು. ಇದು ಮಠಾಧಿಪತಿ ವಾಲ್ಟರ್ ಬೋವರ್ 1440ರ ದಶಕದಲ್ಲಿ ಬರೆದದ್ದು. ಇನ್ನೇನು ಶುರುವಾಗಬೇಕು ಅನ್ನುವಾಗ ಒಬ್ಬ ನುಸುಳಿ ಟೇ ನದಿಗೆ ಹಾರಿ ಈಜಿಕೊಂಡು ಹೋಗಿಬಿಟ್ಟ. ಜನ ಬೆನ್ನಟ್ಟಿದರೂ ಸಿಗಲಿಲ್ಲ. ಒಂದು ತಲೆ ಕಡಿಮೆ ಆದಾಗ ಊರಿನವನೊಬ್ಬ ಮುಂದೆ ಬಂದ. ಆಳು ಗಿಡ್ಡ, ಆದರೆ ಗಟ್ಟಿಗ. ಅರ್ಧ ಮಾರ್ಕ್ ಹಣ ಕೊಡಿ, ಬದುಕಿ ಬಂದರೆ ಸಾಯುವ ತನಕ ಅನ್ನಕ್ಕೆ ದಾರಿ ಮಾಡಿ ಅಂದನಂತೆ. ಮೊದಲ ಬಾಣ ಬಿಟ್ಟು ಒಬ್ಬನನ್ನು ಬೀಳಿಸಿದ್ದೂ ಅವನೇ. ಅವನಿಗೂ ಆ ಜಗಳಕ್ಕೂ ಯಾವ ಸಂಬಂಧವೂ ಇರಲಿಲ್ಲ. ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಪರ್ತ್‌ನ ಜನ ಅವನನ್ನು ಹಾಲ್ ಒ' ದ ವಿಂಡ್ ಎಂಬ ಕಮ್ಮಾರ ಎಂದು ನೆನೆಯುತ್ತಾರೆ.

ಬೆಟ್ಟದಾಚೆ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಯಾರ್ಯಾರ ಮಧ್ಯೆ ಅನ್ನುವುದು ಬಿಟ್ಟುಹೋಯಿತು. ಬೋವರ್ ಕೊಡುವ ಹೆಸರು ಕ್ಲಾನ್ ಕೇ ಮತ್ತು ಕ್ಲಾನ್ ಕ್ವೀಲ್ (ಕ್ಲಾನ್ ಅಂದರೆ ಕುಲ). ಇವರು ಇಂಥವರೇ ಅಂತ ಇವತ್ತಿಗೂ ಒಮ್ಮತ ಇಲ್ಲ. ಒಂದು ಕಡೆ ಮ್ಯಾಕಿಂಟಾಷ್ ಮುಂದಾಳುತನದ, ಹಲವು ಕುಲಗಳ ಒಕ್ಕೂಟವಾದ ಕ್ಲಾನ್ ಚಾಟನ್ ಅಂತ ಜಾಸ್ತಿ ಜನ ಒಪ್ಪುತ್ತಾರೆ. ಇನ್ನೊಂದು ಕಡೆಗೆ ಕ್ಯಾಮರನ್ ಅಂತ ಕೆಲವರು, ಡೇವಿಡ್ಸನ್ ಅಂತ ಕೆಲವರು.

ಡೇವಿಡ್ಸನ್ ಅನ್ನುವವರು ಇನ್ವರ್‌ನಹೇವನ್ ಕಾಳಗದ ಕಥೆ ತೋರಿಸುತ್ತಾರೆ. ಅದು 1370 ಅಂತ ಕೆಲವರು, 1386 ಅಂತ ಕೆಲವರು. ಕ್ಯಾಮರನ್‌ಗಳ ಎದುರು ಚಾಟನ್ ಪಡೆ ನಿಂತಿದ್ದಾಗ ಬಲಗಡೆಯ ಗೌರವದ ಜಾಗ ಯಾರಿಗೆ ಅಂತ ಒಳಗೇ ಜಗಳ ಎದ್ದಿತು. ಡೇವಿಡ್ಸನ್‌ಗಳಿಗೆ ಕೊಟ್ಟಿದ್ದಕ್ಕೆ ಮ್ಯಾಕ್‌ಫರ್ಸನ್‌ಗಳು ಮುನಿಸಿಕೊಂಡು ದೂರ ನಿಂತರು, ಡೇವಿಡ್ಸನ್‌ಗಳು ಹೆಚ್ಚುಕಡಿಮೆ ನಿರ್ನಾಮವಾದರು. ಹಾಗಾಗಿ ಪರ್ತ್‌ನಲ್ಲಿ ಹೊಡೆದಾಡಿದ್ದು ಒಂದೇ ಒಕ್ಕೂಟದ ಒಳಗಿನವರು ಅನ್ನುವುದು ಅವರ ವಾದ. ನನಗೆ ಕ್ಯಾಮರನ್ ಪಕ್ಷವೇ ಸರಿ ಅನಿಸುತ್ತದೆ, ಯಾಕೆಂದರೆ ಮುಂದಿನ ನೂರಾರು ವರ್ಷದ ಹಗೆಯೆಲ್ಲ ಅವರದ್ದೇ.

ಹಾಸನದ_ಓದುಗ:
ಇಬ್ಬರಿಗೂ ಥ್ಯಾಂಕ್ಸ್. ಕೊನೆಗೆ ಎಷ್ಟು ಜನ ಉಳಿದರು? ಆಮೇಲೆ ಏನಾಯಿತು ಅನ್ನುವುದನ್ನೂ ಹೇಳಿಬಿಡಿ.

ಬೆಟ್ಟದಾಚೆ:
ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ ಚಾಟನ್ ಕಡೆ 11 ಜನ, ಎದುರು ಕಡೆ ಒಬ್ಬನೇ. ಕೊಡಲಿ, ಕತ್ತಿ, ಬಿಲ್ಲು ಹಿಡಿದು ಕವಚ ಇಲ್ಲದೆ ನಿಂತವರು, ಇನ್ನೇನಾಗುತ್ತದೆ.

ಇದಾದ ಮೇಲೆ ದೇಶದ ಉತ್ತರ ಭಾಗ ಬಹುಕಾಲ ತಣ್ಣಗಿತ್ತು ಅಂತ ಬೋವರ್ ಬರೆಯುತ್ತಾರೆ. ನಾನು ನಂಬುವುದಿಲ್ಲ. ರಾಜನ ಸ್ಥಿತಿಯೇ ಸುಧಾರಿಸಲಿಲ್ಲ. 1399ರಲ್ಲಿ ಅಧಿಕಾರ ಹಿರಿಮಗ ರಾತ್‌ಸೇಯ ಕೈಗೆ ಹೋಯಿತು, 1402ರಲ್ಲಿ ಆ ಮಗ ಚಿಕ್ಕಪ್ಪ ಆಲ್ಬನಿಯ ಸೆರೆಯಲ್ಲಿ ಫಾಕ್‌ಲ್ಯಾಂಡ್‌ನಲ್ಲಿ ಸತ್ತ. ಕಿರಿಮಗ ಜೇಮ್ಸ್ 1406ರಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ, ರಾಜನೂ ಅದೇ ವರ್ಷ ತೀರಿಕೊಂಡ.

ಮ್ಯಾಕಿಂಟಾಷ್ ಮತ್ತು ಕ್ಯಾಮರನ್ ಹಗೆಯ ಬೇರು ಲೊಕ್ ಆರ್ಕೆಗ್ ಎಂಬ ಸರೋವರದ ಸುತ್ತಲಿನ ಜಮೀನು. ಮ್ಯಾಕಿಂಟಾಷ್‌ಗಳು ನಮ್ಮ ಹಕ್ಕು ಅನ್ನುತ್ತಿದ್ದರು, ಅಲ್ಲಿ ಬೀಡುಬಿಟ್ಟಿದ್ದವರು ಕ್ಯಾಮರನ್‌ಗಳು. ಪರ್ತ್‌ನಲ್ಲಿ ಯಾರು ಗೆದ್ದರೂ ಆ ನೆಲ ಒಂದು ಗೇಣೂ ಕೈ ಬದಲಾಯಿಸಲಿಲ್ಲ, ಹಾಗಿರುವಾಗ ಜಗಳ ನಿಲ್ಲುವುದು ಹೇಗೆ? 1665ರಲ್ಲಿ ಎರಡೂ ಕಡೆಯವರು ಮತ್ತೆ ಪಡೆ ಕಟ್ಟಿಕೊಂಡು ಎದುರುಬದುರು ನಿಂತಾಗ, ಲೊಕೀಲ್‌ನ ಕ್ಯಾಮರನ್ ಯಜಮಾನ ಜಮೀನಿಗೆ ದುಡ್ಡು ಕೊಡಲು ಒಪ್ಪಿದ, ಮ್ಯಾಕಿಂಟಾಷ್ ಹಕ್ಕು ಬಿಟ್ಟುಕೊಟ್ಟ.