ಟಿಬಿ ಒಳಗಿದೆ, ಕಾಯಿಲೆ ಇಲ್ಲ: ಈ ಸ್ಥಿತಿಗೆ ಏನನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಟಿಬಿ ಬಗ್ಗೆ ಒಂದು ಕನ್ನಡ ಕರಪತ್ರ ಬರೆಯುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ಕಲಬುರಗಿ, ಆಳಂದ, ಅಫಜಲಪುರ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಅದನ್ನು ಮನೆಮನೆಯಲ್ಲಿ ಓದಿ ಹೇಳಬೇಕು. ಬಹುತೇಕ ಮುಗಿದಿದೆ. ಒಂದು ಪದ ಮಾತ್ರ ಸಿಗುತ್ತಿಲ್ಲ. ಅದು ಸಿಗದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ.

ವಿಷಯ ಹೀಗಿದೆ. ಟಿಬಿ ರೋಗಾಣು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹಾಗೆ ಹೋದವರಿಗೆಲ್ಲ ಕಾಯಿಲೆ ಆಗುವುದಿಲ್ಲ. ಮೈಯೊಳಗಿನ ರಕ್ಷಣೆಯ ಕಣಗಳು ಅದನ್ನು ಸುತ್ತುಗಟ್ಟಿ ಹಿಡಿದಿಡುತ್ತವೆ. ಇಂಥವರಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಅವರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಮುಂದೆ ಎಂದಾದರೂ ಕಾಯಿಲೆ ಆಗುತ್ತದೆ. ಮೊದಲ ಎರಡು ವರ್ಷದಲ್ಲಿ ಅದರ ಭಯ ಜಾಸ್ತಿ. ಸಕ್ಕರೆ ಕಾಯಿಲೆ, ಎಚ್‌ಐವಿ ಇದ್ದವರಿಗೆ, ಹೊಟ್ಟೆಗೆ ಸರಿಯಾಗಿ ಊಟವಿಲ್ಲದವರಿಗೆ ಇನ್ನೂ ಜಾಸ್ತಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆ ನೋಡಿ. 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಹೀಗೆ ರೋಗಾಣು ತಾಗಿದೆ ಎಂದು ಅದು ಹೇಳಿತು. ಈ ಪತ್ರ ಓದುತ್ತಿರುವ ನಮ್ಮಲ್ಲೇ ಎಷ್ಟೋ ಜನ ಇರಬಹುದು, ಅಲ್ವಾ?

ಮೊದಲು ಮನೆಯಲ್ಲಿ ಒಬ್ಬರಿಗೆ ಟಿಬಿ ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಮುಂಜಾಗ್ರತೆಯ ಗುಳಿಗೆ ಕೊಡುತ್ತಿದ್ದರು. 2021ರ ಮಾರ್ಗಸೂಚಿ ಬಂದ ಮೇಲೆ ಮನೆಯ ದೊಡ್ಡವರೂ ಅದಕ್ಕೆ ಸೇರಿದರು. ಒಂದು ಬಗೆಯಲ್ಲಿ ಆರು ತಿಂಗಳು ದಿನವೂ ಐಸೋನಿಯಜಿಡ್ ನುಂಗಬೇಕು. ಇನ್ನೊಂದರಲ್ಲಿ ಐಸೋನಿಯಜಿಡ್ ಜೊತೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆಯಂತೆ 12 ವಾರ ಕೊಡುತ್ತಾರೆ. ಕೊಡುವ ಮೊದಲು ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಇದೆಲ್ಲ ಸರಿ. ಆದರೆ ಬಾಗಿಲಲ್ಲಿ ನಿಂತ ಕಾರ್ಯಕರ್ತೆಗೆ ಬರುವ ಪ್ರಶ್ನೆ ಒಂದೇ: "ನನಗ ಬ್ಯಾನೀನೇ ಇಲ್ಲ, ಗುಳಿಗಿ ಯಾಕ್ರಿ?"

ಕೇಳುವವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವರಿಗೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಸರಿಯಾದ ಮಾತಿಲ್ಲ. ಆನೆಕಾಲು ರೋಗದ ಗುಳಿಗೆಯನ್ನು ನಮ್ಮ ಜಿಲ್ಲೆಗಳಲ್ಲಿ ಕಾಲು ಬಾತಿಲ್ಲದವರಿಗೂ ಎದುರಿಗೇ ನುಂಗಿಸಿದ್ದಾರೆ. ಜನ ನುಂಗಿದ್ದಾರೆ. ಹಾಗಾಗಿ ಕಾಯಿಲೆ ಬರುವ ಮೊದಲೇ ಔಷಧ ಎಂಬುದು ಇಲ್ಲಿ ಹೊಸತೇನಲ್ಲ. ಟಿಬಿ ಎಂದ ಕೂಡಲೇ ಮಾತ್ರ ಬೇರೆ ಭಯ ಬರುತ್ತದೆ. ಮಗಳ ಮದುವೆ ನಿಂತು ಹೋದರೆ? ಅಂಗಡಿಗೆ ಜನ ಬರದಿದ್ದರೆ?

ಈಗ ಇರುವ ಪದಗಳನ್ನು ನೋಡೋಣ. ನಮ್ಮ ಕೈಗೆ ಬಂದ ಒಂದು ಹಳೆಯ ಕರಪತ್ರದಲ್ಲಿ "ನೀವು ಕ್ಷಯ ಸೋಂಕಿತರು" ಎಂದೇ ಇದೆ. ಸೋಂಕು ಒಳ್ಳೆಯ ಪದ, ಹಳೆಯ ಪದ. ಪಂಪನಲ್ಲಿ ತೆಂಕಣ ಗಾಳಿ ಸೋಂಕುತ್ತದೆ. ಅಲ್ಲಿ ಅದರ ಅರ್ಥ ಬರೀ ತಾಗುವುದು, ಮುಟ್ಟುವುದು. ವಚನಗಳಲ್ಲೂ ಹಾಗೇ. ನಮಗೆ ಬೇಕಾದದ್ದು ನಿಜಕ್ಕೂ ಇದೇ ಅರ್ಥ: ತಾಗಿದೆ, ಅಷ್ಟೇ. ಆದರೆ ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆಗ ಓಣಿಗಳಿಗೆ ಅಡ್ಡಗಟ್ಟಿದರು. ದಿನವೂ ಟಿವಿಯಲ್ಲಿ ಸೋಂಕಿತರ ಲೆಕ್ಕ ಓದಿದರು. ಸೋಂಕಿತ ಎಂದರೆ ಹತ್ತಿರ ಹೋಗಬಾರದ ಮನುಷ್ಯ ಎಂಬುದು ಇಲ್ಲಿನವರ ಕಿವಿಯಲ್ಲಿ ಹಾಗೇ ಉಳಿದಿದೆ. ಹೀಗಿರುವಾಗ, ಯಾರಿಗೂ ಹರಡದ ಒಬ್ಬ ಆರೋಗ್ಯವಂತ ಹೆಣ್ಣುಮಗಳಿಗೆ ಅದೇ ಹೆಸರು ಕೊಡುವುದು ಅನ್ಯಾಯ. ಸೋಂಕು ಎಂಬ ಕನ್ನಡ ಪದಕ್ಕೆ ಪೀಡಿತ, ಶೋಷಿತದ ಬಾಲ ಅಂಟಿಸಿ ಮಾಡಿದ ಪದ ಅದು. "ಸೋಂಕು" ಎಂಬುದು ತಾಗಿದ ಸಂಗತಿಯನ್ನಷ್ಟೇ ಹೇಳುತ್ತದೆ. ಸೋಂಕಿತ ಆ ಮನುಷ್ಯನ ಹಣೆಗೇ ಚೀಟಿ ಅಂಟಿಸುತ್ತದೆ.

ಎರಡನೆಯದು "ಸುಪ್ತ ಕ್ಷಯ". ಪಠ್ಯಪುಸ್ತಕಕ್ಕೆ ಇರಲಿ, ಮನೆ ಬಾಗಿಲಿಗೆ ಬೇಡ. "ಮಲಗಿದ ಟಿಬಿ" ಎಂದು ಬಿಡಿಸಿ ಹೇಳಬಹುದು. ಆದರೆ ಸಂಶೋಧನೆಯೇ ಈಗ ಆ ಮಾತಿನಿಂದ ದೂರ ಸರಿದಿದೆ. ವಿಶ್ವ ಆರೋಗ್ಯ ಸಂಸ್ಥೆ ಈಚಿನ ಬರಹಗಳಲ್ಲಿ "ಸುಪ್ತ" ಎಂಬ ವಿಶೇಷಣ ಬಿಟ್ಟು ಬರೀ "ಟಿಬಿ ಸೋಂಕು" ಎನ್ನುತ್ತದೆ. ಮಲಗಿದೆ ಇಲ್ಲವೇ ಎದ್ದಿದೆ ಎಂಬ ಎರಡೇ ವಿಂಗಡಣೆ ಸಾಲದು ಎಂದು 2024ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊಸ ಹಂತಗಳನ್ನು ಸೂಚಿಸಿದರು. ಸೋಂಕು ಒಂದು ಹಂತ. ಆಮೇಲಿನ ಕಾಯಿಲೆಯನ್ನು, ಲಕ್ಷಣ ಇದೆಯೋ ಇಲ್ಲವೋ, ಹರಡುತ್ತದೋ ಇಲ್ಲವೋ ಎಂದು ನೋಡಿ ನಾಲ್ಕಾಗಿ ಬಿಡಿಸಿದರು.

"ಬೂದಿ ಮುಚ್ಚಿದ ಕೆಂಡ" ಎನ್ನೋಣ ಎಂದು ಜೊತೆಗಿದ್ದ ಶಿಕ್ಷಕರೊಬ್ಬರು ಸೂಚಿಸಿದರು. ಕೇಳಿದ ಕೂಡಲೇ ಎಲ್ಲರಿಗೂ ತಿಳಿಯುತ್ತದೆ. ನನಗೆ ಒಪ್ಪಿಗೆಯಿಲ್ಲ. ಬೂದಿ ಮುಚ್ಚಿದ ಕೆಂಡ ಎಂದರೆ ಇಂದಲ್ಲ ನಾಳೆ ಉರಿದೇ ಉರಿಯುತ್ತದೆ ಎಂದು ಕೇಳಿಸುತ್ತದೆ. ನೂರರಲ್ಲಿ ತೊಂಬತ್ತು ಮಂದಿಗೆ ಏನೂ ಆಗುವುದಿಲ್ಲ ಎಂಬ ಸಮಾಧಾನವನ್ನು ಅದು ಸುಟ್ಟುಬಿಡುತ್ತದೆ. "ಅಡಗಿದ ಟಿಬಿ"ಗೂ ಇದೇ ತಕರಾರು. "ಒಳಗಿನ ಟಿಬಿ" ಎಂದರೆ ಹೊಟ್ಟೆಯದೋ ಬೆನ್ನುಮೂಳೆಯದೋ ಟಿಬಿ ಎಂದು ತಿಳಿಯುವವರಿದ್ದಾರೆ.

ನನಗೆ ಅನ್ನಿಸುವುದು ಇದು. ನಾವು ನಾಮಪದ ಹುಡುಕುತ್ತಿರುವುದೇ ತೊಡಕು. ನಮ್ಮ ಕಡೆಯವರು ಕಾಯಿಲೆಯನ್ನು ಕ್ರಿಯಾಪದದಲ್ಲಿ ಹೇಳುತ್ತಾರೆ. ಜಡ್ಡು ಹತ್ತಿತು, ನೆಗಡಿ ಹಿಡೀತು, ಮೈಮೇಲೆ ಗುಳ್ಳೆ ಎದ್ದವು. ಹಾಗೇ ಇಲ್ಲೂ ಹೇಳಬಹುದಲ್ಲ: "ಟಿಬಿ ಹುಳ ಒಳಗ ಹೊಕ್ಕದ, ಬ್ಯಾನಿ ಎದ್ದಿಲ್ಲ. ಏಳಬಾರದು ಅಂತ ಈ ಗುಳಿಗಿ." ಗುಳಿಗೆ ಯಾಕೆ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಗುತ್ತದೆ. ಹುಳ ಎಂದರೆ ಜಂತುಹುಳ ಎಂದುಕೊಳ್ಳುವ ಅಪಾಯವಿದೆ. ಆದರೆ ರೋಗಾಣು, ಬ್ಯಾಕ್ಟೀರಿಯಾ ಎಂದರೆ ಅಜ್ಜಿಗೆ ಏನೂ ಕೇಳಿಸುವುದಿಲ್ಲ. ನಾನು ಹುಳದ ಪರ.

ಲಕ್ಷಣವಿಲ್ಲದ ಟಿಬಿಯ ವಿಚಾರ ಬೇರೆ. ಅಲ್ಲಿ ಕಾಯಿಲೆ ಎದ್ದಿದೆ, ಮನುಷ್ಯನಿಗೆ ಗೊತ್ತಾಗಿಲ್ಲ. ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ವರ್ಷಗಳಿಂದ ಗೋಡೆಗಳ ಮೇಲೆ ಬರೆಸಿದ್ದೇವೆ. ಆದರೆ ಮೇಲೆ ಹೇಳಿದ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ಶೇಕಡಾ 42.6ರಷ್ಟು ಮಂದಿ ಎಕ್ಸ್‌ರೇ ಇಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ. ಇದಕ್ಕೆ "ಕೆಮ್ಮಿಲ್ಲದ ಟಿಬಿ" ಸಾಕು ಎನ್ನುತ್ತೇನೆ. ಕೆಮ್ಮಿಲ್ಲದೆ ಜ್ವರ ಮಾತ್ರ ಇರುವವರೂ ಇದ್ದಾರೆ ಎಂದು ವೈದ್ಯರು ಆಕ್ಷೇಪಿಸಬಹುದು. ಮಾತಿಗೆ ಇದು ನಡೆಯುತ್ತದೆ.

ಇನ್ನೊಂದು ಸಣ್ಣ ಮಾತು. "ರೋಗನಿರೋಧಕ ಶಕ್ತಿ" ನಮಗೆ ಬೇಕಾದದ್ದು. "ಔಷಧನಿರೋಧಕ ಟಿಬಿ" ಬೇಡವಾದದ್ದು. ಒಂದೇ ಹಾಳೆಯಲ್ಲಿ ಎರಡೂ ನಿರೋಧಕ ಬಂದರೆ ಓದುವವರು ತಬ್ಬಿಬ್ಬಾಗುತ್ತಾರೆ. ಎರಡನೆಯದನ್ನು "ಔಷಧಕ್ಕೆ ಬಗ್ಗದ ಟಿಬಿ" ಎಂದು ಬದಲಿಸಿದ್ದೇವೆ. ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಕೂಡಿದ ಆರು ತಿಂಗಳ ಚಿಕಿತ್ಸೆಗೆ 2024ರಲ್ಲಿ ನಮ್ಮ ದೇಶದಲ್ಲೂ ಒಪ್ಪಿಗೆ ಸಿಕ್ಕಿದೆ. ಹಾಗಾಗಿ ಬಗ್ಗದ್ದನ್ನೂ ಬಗ್ಗಿಸಬಹುದು ಎಂದು ಮುಂದಿನ ಸಾಲಿನಲ್ಲೇ ಬರೆಯಲು ಸುಲಭವಾಯಿತು.

ಊಟದ ಸಾಲನ್ನೂ ತಿದ್ದಿದ್ದೇವೆ. "ಪೌಷ್ಟಿಕ ಬೆಂಬಲ" ತೆಗೆದು "ಹೊಟ್ಟೆ ತುಂಬ ಅನ್ನ, ಬೇಳೆ" ಎಂದು ಬರೆದೆವು. ಕ್ಷಯ ಎಂದರೇ ಸವೆಯುವುದಲ್ಲವೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. ಅದು 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಆಗುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ತೊಗರಿ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಮಾತನ್ನು ಎಲ್ಲರಿಗೂ ತಿಳಿಯುವಂತೆ ಹೇಳದಿದ್ದರೆ ಹೇಗೆ?

ಈಗ ನಿಮ್ಮಲ್ಲಿ ಕೇಳುವುದು. "ಹೊಕ್ಕದ" ಎಂದರೆ ಮೈಯೊಳಗೆ ದೆವ್ವ ಹೊಕ್ಕ ನೆನಪು ಬರುತ್ತದೆ ಎಂದು ಒಬ್ಬ ಕಾರ್ಯಕರ್ತೆ ಹೇಳಿದ್ದಾರೆ. ಯಾದಗಿರಿ, ಶಹಾಪುರ ಕಡೆ ಹಾಗೆ ಕೇಳಿಸುತ್ತದೆಯೇ? ಅಲ್ಲಿ "ತಗುಲಿದೆ", "ತಾಗ್ಯಾದ" ಎನ್ನುವುದು ವಾಸಿಯೇ? ಬೀದರ, ಭಾಲ್ಕಿ, ಔರಾದದ ಗೆಳೆಯರು ಮರಾಠಿ, ದಖನಿ ಬೆರೆತ ಮಾತಿನಲ್ಲಿ ಇದನ್ನು ಹೇಗೆ ಹೇಳುತ್ತಾರೆ? ಆಸ್ಪತ್ರೆಯ ನಮೂನೆಯ ಕಾಲಂಗೆ ವಾಕ್ಯ ಹಿಡಿಸುವುದಿಲ್ಲ. ಅಲ್ಲಿಗೆ ಒಂದು ಪುಟ್ಟ ನಾಮಪದವೂ ಬೇಕು. "ಟಿಬಿ ತಾಗು" ಎಂದು ಬರೆದರೆ ಕನ್ನಡಕ್ಕೆ ಒಗ್ಗುತ್ತದೆಯೇ, ಇಲ್ಲವೇ "ಟಿಬಿ ತಗಲಿಕೆ" ವಾಸಿಯೇ? ಅಚ್ಚಿಗೆ ಹೋಗುವ ಮೊದಲು ನಿಮ್ಮ ಉತ್ತರ ಸಿಕ್ಕರೆ ಅದನ್ನೇ ಹಾಕುತ್ತೇವೆ.